ಐದು ಊರು, ಎಷ್ಟು ಮೆಟ್ಟಿಲು?

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಮೊಣಕಾಲು ನೋವು. ವಯಸ್ಸು 68. ಸಪಾಟು ನೆಲದಲ್ಲಿ ಎಷ್ಟು ಬೇಕಾದರೂ ನಡೆಯುತ್ತಾಳೆ. ಕುಮಟಾ ಪೇಟೆಯನ್ನು ಎರಡು ಸುತ್ತು ಹಾಕಿ ಬಂದರೂ ದಣಿವಿಲ್ಲ. ಮೆಟ್ಟಿಲು ಕಂಡರೆ ಮಾತ್ರ ನಿಂತುಬಿಡುತ್ತಾಳೆ. ಇಂಥವಳನ್ನು ಕರೆದುಕೊಂಡು ನಾನು ಹೊರಟದ್ದು ಎಲ್ಲಿಗೆ? ಇಟಲಿಯ ಚಿಂಕ್ವೆ ತೆರ್ರೆಗೆ. ಸಮುದ್ರಕ್ಕೆ ನೇರವಾಗಿ ಇಳಿಯುವ ಗುಡ್ಡಕ್ಕೆ ಅಂಟಿಕೊಂಡ ಐದು ಊರು. ಮನೆಯ ತಲೆಯ ಮೇಲೆ ಮನೆ, ಓಣಿ ಅಂದರೆ ಮೆಟ್ಟಿಲು.

ಇದಕ್ಕೆಲ್ಲ ಕಾರಣ ಅಕ್ಕ. ಅವಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. 2024ರ ಬೇಸಿಗೆ ಶುರುವಿನಲ್ಲಿ ಫೋನ್ ಮಾಡಿ, ಈ ಸಲ ಆಯಿಯನ್ನು ಕರೆದುಕೊಂಡು ಬಂದೇ ಬಾ ಎಂದಳು. ನಾನು ಹೂಂ ಎಂದೆ. ಮರುದಿನ ಮತ್ತೆ ಫೋನು. "ಇಲ್ಲೇ ಕೂತ್ಕಂಡು ಎಂತ ಮಾಡದು? ಇಟಲಿಗೆ ಹೋಪನ" ಎಂದಳು. ಜೊತೆಗೆ ಒಂದು ಫೋಟೊ ಕಳಿಸಿದಳು. ಹಳದಿ, ಗುಲಾಬಿ, ಕೇಸರಿ ಬಣ್ಣದ ಮನೆಗಳು, ಕೆಳಗೆ ಪುಟ್ಟ ದೋಣಿಗಳು. ಆಯಿ ಆ ಫೋಟೊವನ್ನು ದೊಡ್ಡದು ಮಾಡಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದಳು. ಮನೆಗಳ ಬಣ್ಣ ನೋಡುತ್ತಿದ್ದಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು: "ಎಷ್ಟು ಮೆಟ್ಲು ಇದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕುವುದರಲ್ಲೇ ಮುಂದಿನ ನಾಲ್ಕು ತಿಂಗಳು ಹೋಯಿತು.

ಅದಕ್ಕೂ ಮೊದಲು ವೀಸಾ. ಅಕ್ಕನಿಗೆ ಜರ್ಮನಿಯ ವಾಸದ ಪರವಾನಗಿ ಇರುವುದರಿಂದ ಇಟಲಿಗೆ ಬೇರೆ ವೀಸಾ ಬೇಡ. ನನಗೂ ಆಯಿಗೂ ಷೆಂಗೆನ್ ವೀಸಾ ಬೇಕು, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ. ಯಾವ ದೇಶದ ಬಳಿ ಅರ್ಜಿ ಹಾಕುವುದು? ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ. ಎರಡು ಕಡೆಯೂ ಸಮ ದಿನವಾದರೆ ಮೊದಲು ಕಾಲಿಡುವ ದೇಶಕ್ಕೆ. ನಾನು ಮೊದಲು ಹಾಕಿದ್ದ ಲೆಕ್ಕದಲ್ಲಿ ಮ್ಯೂನಿಕ್‌ಗೆ ಆರು ರಾತ್ರಿ, ಇಟಲಿಗೆ ಆರು ರಾತ್ರಿ ಇತ್ತು. ಸಮ ಅಂದರೆ ಸುಮ್ನೆ ಪ್ರಶ್ನೆಗೆ ದಾರಿ ಮಾಡಿಕೊಟ್ಟ ಹಾಗೆ ಅನಿಸಿತು. ಇಟಲಿಯದ್ದು ಐದು ರಾತ್ರಿ ಮಾಡಿ, ಮ್ಯೂನಿಕ್ ಎಂಟು ಮಾಡಿದೆ. ಈಗ ಅನುಮಾನವೇ ಇಲ್ಲ, ಜರ್ಮನಿ. ನೋಡಿ, ಜಾಗ ನೋಡುವ ಆಸೆಗಿಂತ ಮೊದಲು ರಾತ್ರಿಗಳನ್ನು ಎಣಿಸಬೇಕಾಗುತ್ತದೆ.

ಕಾಗದಪತ್ರ ಎಲ್ಲರಿಗೂ ಗೊತ್ತಿರುವಂಥವೇ. ಬ್ಯಾಂಕ್ ಸ್ಟೇಟ್‌ಮೆಂಟು, ಆದಾಯ ತೆರಿಗೆ ರಿಟರ್ನ್ಸು, ನನ್ನ ಆಫೀಸಿನ ರಜೆ ಪತ್ರ, ವಿಮಾನದ ಬುಕಿಂಗು, ಉಳಿಯುವ ಜಾಗದ ಬುಕಿಂಗು, ಅಕ್ಕನ ಆಹ್ವಾನ ಪತ್ರ, ಕನಿಷ್ಠ 30,000 ಯೂರೋ ಚಿಕಿತ್ಸೆಯ ವೆಚ್ಚ ಭರಿಸುವ ಪ್ರಯಾಣ ವಿಮೆ. ಪಾಸ್‌ಪೋರ್ಟು ಹತ್ತು ವರ್ಷಕ್ಕಿಂತ ಹಳೆಯದಾಗಿರಬಾರದು, ವಾಪಸು ಹೊರಡುವ ದಿನದಿಂದ ಮುಂದೆ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಶುಲ್ಕ ಜೂನ್ 11ರಿಂದ 80 ಯೂರೋ ಇದ್ದದ್ದು 90 ಆಗಿತ್ತು. ನಾವು ಹಾಕಿದ್ದು ಜೂನ್ ಕೊನೆಗೆ. ಆಯಿಗೆ ಆ ಹತ್ತು ಯೂರೋದ ಸಂಕಟ ಇವತ್ತಿಗೂ ಹೋಗಿಲ್ಲ.

ವೀಸಾ ಅರ್ಜಿ ಕೇಂದ್ರದಲ್ಲಿ ಎರಡು ಕಡೆ ಸಿಕ್ಕಿಕೊಂಡೆವು. ಒಂದು, ರೂಮಿನ ಬುಕಿಂಗ್‌ನಲ್ಲಿ ನನ್ನ ಹೆಸರು ಮಾತ್ರ ಇತ್ತು, "ಮತ್ತು ಇಬ್ಬರು" ಅಂತ ಬರೆದಿತ್ತು. ಆ ಇಬ್ಬರು ಯಾರು ಎಂದು ಕೌಂಟರಿನ ಹುಡುಗ ಕೇಳಿದ. ಪಕ್ಕದಲ್ಲೇ ಕೂತ ಆಯಿಯನ್ನು ತೋರಿಸಿದರೆ ಆಗುತ್ತದೆಯೇ? ಅಲ್ಲೇ ಫೋನಿನಲ್ಲಿ ಹೆಸರು ಸೇರಿಸಿ, ಅಲ್ಲೇ ಪುಟಕ್ಕಿಷ್ಟು ಅಂತ ಕೊಟ್ಟು ಮತ್ತೆ ಪ್ರಿಂಟ್ ತೆಗೆಸಿದ್ದಾಯಿತು. ಎರಡನೆಯದು ಬೆರಳಚ್ಚು. ಆಯಿ ನಲವತ್ತು ವರ್ಷ ಅಡಿಕೆ ಸುಲಿದವಳು. ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿವೆ. ಯಂತ್ರಕ್ಕೆ ಏನೂ ಕಾಣಿಸಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒತ್ತಿ, ಆರನೆಯ ಸಲಕ್ಕೆ ಹಿಡಿಯಿತು. ಹಿಂದೆ ಸಾಲಿನಲ್ಲಿದ್ದವರು ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

ವೀಸಾ ಬರುವ ಮೊದಲೇ ರೂಮು ಬುಕ್ ಮಾಡಬೇಕಲ್ಲ? ಅದಕ್ಕೆ ಉಚಿತವಾಗಿ ರದ್ದು ಮಾಡುವ ಅವಕಾಶ ಇರುವುದನ್ನೇ ಹಿಡಿಯಿರಿ. ನನ್ನನ್ನು ಉಳಿಸಿದ್ದು ಅದೇ. ಯಾಕೆ ಅಂದರೆ, ಮೊದಲ ಉತ್ಸಾಹದಲ್ಲಿ ನಾನು ರಿಯೊಮಜ್ಜೋರೆಯಲ್ಲಿ ಒಂದು ಮನೆ ಬುಕ್ ಮಾಡಿದ್ದೆ. ಬಾಲ್ಕನಿಯಿಂದ ಸಮುದ್ರ, ನಿಂಬೆ ಗಿಡ, ನೀಲಿ ಕಿಟಕಿ. ಫೋಟೊದಲ್ಲಿ ಮೆಟ್ಟಿಲು ಎಲ್ಲೂ ಇರಲಿಲ್ಲ. ಅನುಮಾನ ಬಂದು ಮನೆಯವರಿಗೆ ಬರೆದು ಕೇಳಿದೆ: ದಾರಿಯಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು, ಲಿಫ್ಟ್ ಇದೆಯೇ? ಒಳ್ಳೆಯ ಜನ, ಮುಚ್ಚುಮರೆ ಇಲ್ಲದೆ ಉತ್ತರಿಸಿದರು. ಬೀದಿಯಿಂದ ಬಾಗಿಲಿಗೆ 94, ಒಳಗೆ ಮತ್ತೆ 22. ಲಿಫ್ಟ್ ಇಲ್ಲ. ಸೂಟ್‌ಕೇಸು ನಾವೇ ಹೊರಬೇಕು.

ಆ ದಿನವೇ ನನ್ನ ಎಕ್ಸೆಲ್ ಹಾಳೆಯಲ್ಲಿ ಹೊಸ ಕಾಲಮ್ಮು ಹುಟ್ಟಿತು. ಊರು, ರೈಲು, ಖರ್ಚು, ಊಟ, ಇವುಗಳ ಪಕ್ಕದಲ್ಲಿ "ಮೆಟ್ಟಿಲು".

ಐದು ಊರುಗಳನ್ನು ಆ ಕಣ್ಣಿನಿಂದ ನೋಡತೊಡಗಿದೆ. ಉತ್ತರದಿಂದ ದಕ್ಷಿಣಕ್ಕೆ ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯ, ಮನರೋಲಾ, ರಿಯೊಮಜ್ಜೋರೆ. 1997ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ, 1999ರಲ್ಲಿ ಸುತ್ತಲಿನ ಜಾಗ ರಾಷ್ಟ್ರೀಯ ಉದ್ಯಾನವಾಯಿತು. ಎಲ್ಲರೂ ಐದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಮೊಣಕಾಲಿನ ಲೆಕ್ಕದಲ್ಲಿ ಐದೂ ಬೇರೆ ಬೇರೆ. ಮೊಂತೆರೊಸ್ಸೊ ಐದರಲ್ಲಿ ಜಾಸ್ತಿ ಸಪಾಟು, ಅಗಲವಾದ ಮರಳ ದಂಡೆ ಇರುವುದೂ ಅಲ್ಲೇ. ವೆರ್ನಾತ್ಸಾದಲ್ಲಿ ಸ್ಟೇಷನ್ನಿನಿಂದ ಇಳಿದರೆ ಒಂದೇ ಮುಖ್ಯ ಬೀದಿ, ಇಳಿಜಾರಿನಲ್ಲಿ ಸೀದಾ ಬಂದರಿಗೆ ಮುಟ್ಟಿಸುತ್ತದೆ. ಮನರೋಲಾ, ರಿಯೊಮಜ್ಜೋರೆಯಲ್ಲಿ ಬೀದಿಯೇ ಕಡಿದಾದ ಏರು. ಕೊರ್ನೀಲ್ಯ ಇನ್ನೊಂದೇ ಕಥೆ. ಅದೊಂದೇ ಊರು ನೀರಿನ ಮಟ್ಟದಲ್ಲಿಲ್ಲ, ಸುಮಾರು 100 ಮೀಟರ್ ಎತ್ತರದ ಬಂಡೆಯ ತಲೆಯ ಮೇಲೆ ಕೂತಿದೆ. ರೈಲು ನಿಲ್ಲುವುದು ಕೆಳಗೆ. ಅಲ್ಲಿಂದ ಮೇಲಕ್ಕೆ ಲಾರ್ದರೀನಾ ಅಂತ ಇಟ್ಟಿಗೆಯ ಮೆಟ್ಟಿಲ ಸಾಲು: 33 ತಿರುವು, ಒಟ್ಟು 380ರ ಆಸುಪಾಸು. ಇದನ್ನು ಓದಿ ಹೇಳಿದಾಗ ಆಯಿ ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋಗಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡಳು.

ಕೊನೆಗೆ ಉಳಿಯಲು ಆರಿಸಿದ್ದು ಐದರಲ್ಲಿ ಯಾವುದೂ ಅಲ್ಲ. ಲೆವಾಂತೊ ಅಂತ, ಮೊಂತೆರೊಸ್ಸೊದಿಂದ ಉತ್ತರಕ್ಕೆ ರೈಲಿನಲ್ಲಿ ಐದು ನಿಮಿಷ. ಸಪಾಟು ಪೇಟೆ, ನಿಜವಾದ ತರಕಾರಿ ಅಂಗಡಿ, ಸ್ಥಳೀಯರು ಬದುಕುವ ಊರು. ಫೋಟೊಗಳಲ್ಲಿ ಬರುವಷ್ಟು ಚೆಲುವೆಯಲ್ಲ, ನಿಜ. ಆದರೆ ನೆಲಮಹಡಿಯ ಮೇಲಿನ ಮೊದಲ ಅಂತಸ್ತಿನಲ್ಲಿ ಅಡಿಗೆಮನೆ ಇರುವ ಮನೆ ಸಿಕ್ಕಿತು. ಮೆಟ್ಟಿಲು 14. ರಾತ್ರಿಗೆ 120 ಯೂರೋ, ಪ್ರವಾಸಿ ತೆರಿಗೆ ಬೇರೆ. ನನ್ನ ಬೆಂಗಳೂರಿನ ಗೆಳತಿಯರು ಅಷ್ಟು ದೂರ ಹೋಗಿ ಹೊರಗೆ ಉಳಿಯುವುದಾ ಎಂದು ಮೂಗು ಮುರಿದರು. ಮುರಿಯಲಿ ಬಿಡಿ. ಇನ್ನೊಂದು ತುದಿಯ ಲಾ ಸ್ಪೇತ್ಸಿಯ ನಗರವೂ ಇದೇ ಥರ ಅನುಕೂಲ, ರೈಲುಗಳು ಇನ್ನೂ ಹೆಚ್ಚು. ನಮಗೆ ಸಮುದ್ರದ ಪಕ್ಕ ಮಲಗಬೇಕಿತ್ತು, ಅಷ್ಟೇ ವ್ಯತ್ಯಾಸ.

ತಿಂಗಳು ಆರಿಸುವುದು ಸುಲಭವಾಯಿತು. ಜುಲೈ, ಆಗಸ್ಟ್ ಬಿಸಿಲು, ನೂಕುನುಗ್ಗಲು. ನವೆಂಬರ್ ಬಂತೆಂದರೆ ದೋಣಿ ನಿಲ್ಲುತ್ತದೆ, ಎಷ್ಟೋ ಹೋಟೆಲುಗಳು ಬಾಗಿಲು ಹಾಕುತ್ತವೆ. ಸೆಪ್ಟೆಂಬರ್ ಸರಿ ಅನಿಸಿತು. ದ್ರಾಕ್ಷಿ ಕೊಯ್ಲಿನ ಕಾಲ ಕೂಡ.

ಇನ್ನು ಕಾಲಿನ ವಿಷಯ. ಗುಡ್ಡದ ಕಾಲುದಾರಿಗಳಲ್ಲಿ ಚಪ್ಪಲಿ ಹಾಕಿಕೊಂಡು ನಡೆದರೆ ದಂಡ ಹಾಕುತ್ತಾರೆ. 50 ಯೂರೋದಿಂದ 2,500ರವರೆಗೂ ಹಾಕಬಹುದಂತೆ. ಜಾರಿ ಬಿದ್ದವರನ್ನು ಹೊತ್ತು ತರುವುದು ದಿನನಿತ್ಯದ ಕೆಲಸವಾಗಿ 2019ರಲ್ಲಿ ಈ ನಿಯಮ ಮಾಡಿದ್ದು. ಆಯಿ ಹುಟ್ಟಿದಾಗಿನಿಂದ ಶೂ ಹಾಕಿದವಳಲ್ಲ. ಜುಲೈನಲ್ಲೇ ಕೊಡಿಸಿದೆ, ಲಾಲ್‌ಬಾಗಿನಲ್ಲಿ ಎರಡು ತಿಂಗಳು ಅಭ್ಯಾಸ. ನೂಲಿನ ಸೀರೆ, ಕೆಳಗೆ ಬೂದು ಬಣ್ಣದ ಶೂ. ಮೊದಲ ವಾರ ಯಾರಾದರೂ ನೋಡಿದರೆ ಸೀರೆಯ ನೆರಿಗೆ ಇಳಿಸಿ ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ನನಗಿಂತ ಮುಂದೆ ಹೋಗತೊಡಗಿದಳು.

ಊಟ ಎರಡನೆಯ ದೊಡ್ಡ ಚಿಂತೆ. ಆಯಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಟಲಿಯಲ್ಲಿ ಸಸ್ಯಾಹಾರ ಸುಲಭ ಎಂದು ಎಲ್ಲರೂ ಹೇಳುತ್ತಾರೆ, ಅರ್ಧ ಸತ್ಯ. ಈ ಲಿಗೂರಿಯ ಸೀಮೆಯ ಹೆಮ್ಮೆ ಪೆಸ್ಟೊ. ಹಸಿ ಬೇಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ಅರೆದ ಚಟ್ನಿ ಅನ್ನಿ. ಆದರೆ ಅದರಲ್ಲಿ ಪಾರ್ಮೆಸಾನ್ ಚೀಸ್ ಇರುತ್ತದೆ. ಆ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ನನಗೆ ಇದು ಗೊತ್ತಿತ್ತು. ಹೇಳುವುದೋ ಬಿಡುವುದೋ ಅಂತ ಎರಡು ದಿನ ಯೋಚಿಸಿದೆ. ಹೇಳಿದೆ. ಹೇಳದೆ ತಿನ್ನಿಸಿದ್ದರೆ ಆಮೇಲೆ ನನಗೇ ನಿದ್ದೆ ಬರುತ್ತಿರಲಿಲ್ಲ. "ಹಂಗಾರೆ ಬ್ಯಾಡ" ಎಂದಳು, ಮುಗಿಯಿತು.

ಹಾಗಾಗಿ ಅಡಿಗೆಮನೆ ಇರುವ ಮನೆ ಬೇಕೇ ಬೇಕಿತ್ತು. ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ, ಸಾರಿನಪುಡಿ ಹೊತ್ತೆವು. ಆಯಿ ಮನೆಯಲ್ಲೇ ಕಾಯಿಸಿದ ತುಪ್ಪವನ್ನೂ ಡಬ್ಬಿಗೆ ತುಂಬಿದ್ದಳು. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ತುಪ್ಪ, ಪೇಡೆ, ಎಲ್ಲ ಅದರೊಳಗೇ ಬರುತ್ತದೆ. ಡಬ್ಬಿ ವಾಪಸು ಇಡಿಸುವಷ್ಟರಲ್ಲಿ ವೀಸಾಕ್ಕಿಂತ ಹೆಚ್ಚು ವಾದವಾಯಿತು.

ಮ್ಯೂನಿಕ್‌ನಿಂದ ಹೊರಟದ್ದು ರೈಲಿನಲ್ಲಿ. ಬ್ರೆನ್ನರ್ ಕಣಿವೆ ದಾಟಿ ವೆರೋನಾಕ್ಕೆ ಐದೂವರೆ ಗಂಟೆ ಹತ್ತಿರ. ಒಂದೇ ದಿನದಲ್ಲಿ ಕರಾವಳಿ ಮುಟ್ಟಬಹುದಿತ್ತು. ಆಯಿ ಜೊತೆ ಬೇಡ ಅನಿಸಿ ಒಂದು ರಾತ್ರಿ ವೆರೋನಾದಲ್ಲಿ ಇಟ್ಟೆ. ಮರುದಿನ ಮಿಲಾನ್, ಅಲ್ಲಿಂದ ಜಿನೋವಾ ದಾರಿಯ ಇಂಟರ್‌ಸಿಟಿ. ಅವುಗಳಲ್ಲಿ ಕೆಲವು ಲೆವಾಂತೊದಲ್ಲೇ ನಿಲ್ಲುತ್ತವೆ, ಬುಕ್ ಮಾಡುವಾಗ ಅದನ್ನು ನೋಡಿಕೊಂಡರೆ ಒಂದು ಬದಲಾವಣೆ ಉಳಿಯುತ್ತದೆ. ಜಿನೋವಾ ದಾಟಿದ ಮೇಲೆ ಬರೀ ಸುರಂಗ. ಒಂದು ಚೂರು ಸಮುದ್ರ, ಮತ್ತೆ ಕತ್ತಲೆ, ಮತ್ತೆ ಒಂದು ಚೂರು. ಆಯಿ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದಳು. ಕುಮಟಾದಿಂದ ಗೋವಾಕ್ಕೆ ಹೋದಂತೆ ಇದೆ ಎಂದಳು. ಕೊಂಕಣ ರೈಲಿಗೂ ಇದಕ್ಕೂ ನೂರು ವರ್ಷಕ್ಕಿಂತ ಜಾಸ್ತಿ ಅಂತರ. ಈ ಹಳಿ ಲಾ ಸ್ಪೇತ್ಸಿಯ ಮುಟ್ಟಿದ್ದು 1874ರಲ್ಲಿ. ಅಲ್ಲಿಯವರೆಗೆ ಈ ಊರುಗಳಿಗೆ ದೋಣಿ, ಇಲ್ಲವೇ ಹೇಸರಗತ್ತೆಯ ದಾರಿ.

ಟಿಕೆಟ್ಟಿನ ಲೆಕ್ಕ ಹೇಳುತ್ತೇನೆ, ಇದರಲ್ಲಿ ನಾನು ಒಂದು ಇಡೀ ಭಾನುವಾರ ಕಳೆದಿದ್ದೆ. ಲೆವಾಂತೊ ಮತ್ತು ಲಾ ಸ್ಪೇತ್ಸಿಯ ನಡುವೆ ಐದೂ ಊರಿನಲ್ಲಿ ನಿಲ್ಲುವ ಲೋಕಲ್ ರೈಲು ಓಡುತ್ತದೆ. ಸೀಸನ್ನಿನಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಂದು. ಒಂದು ಊರಿನಿಂದ ಇನ್ನೊಂದಕ್ಕೆ ಎರಡರಿಂದ ಐದು ನಿಮಿಷ. ಇಷ್ಟು ಚಿಕ್ಕ ಪಯಣಕ್ಕೂ ಬಿಡಿ ಟಿಕೆಟ್ಟು 5 ಯೂರೋ ಅಥವಾ ಅದಕ್ಕಿಂತ ಮೇಲೆ. ದಿನಪೂರ್ತಿ ಹತ್ತಿ ಇಳಿಯುವ ಕಾರ್ಡಿಗೆ 2024ರಲ್ಲಿ ದಿನದ ಗಿರಾಕಿ ನೋಡಿಕೊಂಡು 19.50ರಿಂದ 32.50 ಯೂರೋ. ಕಾಲುದಾರಿಗಳ ಶುಲ್ಕ, ಊರಿನ ಮಿನಿ ಬಸ್ಸು ಅದರಲ್ಲೇ ಸೇರಿದೆ. ದಿನಕ್ಕೆ ಎರಡೇ ಸಲ ರೈಲು ಹತ್ತುವುದಾದರೆ ಕಾರ್ಡು ನಷ್ಟ. ನಾಲ್ಕೈದು ಸಲ ಹತ್ತಿ, ಜೊತೆಗೆ ಕಾಲುದಾರಿಯೂ ಇದ್ದರೆ ಲಾಭ. ನಾವು ಎರಡು ದಿನಕ್ಕೆ ಕಾರ್ಡು, ಉಳಿದ ದಿನ ಬಿಡಿ ಟಿಕೆಟ್ಟು ಅಂತ ಗೊತ್ತು ಮಾಡಿದೆವು. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರಕ್ಕೆ ತುರುಕಿ ಮುದ್ರೆ ಹಾಕಿಸಬೇಕು. ಮರೆತರೆ ದುಡ್ಡು ಕೊಟ್ಟು ಕೊಂಡ ಟಿಕೆಟ್ಟು ಕೈಯಲ್ಲಿದ್ದೂ ದಂಡ.

ಇನ್ನೊಂದು, ಇದನ್ನು ಅಲ್ಲಿ ಹೋಗಿ ಕಲಿತೆವು. ಕೆಲವು ಸ್ಟೇಷನ್ನುಗಳ ಪ್ಲಾಟ್‌ಫಾರ್ಮು ಸುರಂಗದೊಳಗೆ ಚಾಚಿಕೊಂಡಿದೆ. ವೆರ್ನಾತ್ಸಾದಲ್ಲಿ ನಮ್ಮ ಬೋಗಿ ನಿಂತದ್ದು ಕತ್ತಲೆಯಲ್ಲಿ. ಇದು ಸ್ಟೇಷನ್ ಅಲ್ಲ, ಸಿಗ್ನಲ್ಲಿಗೆ ನಿಂತಿದೆ ಅಂದುಕೊಂಡು ಕೂತೇ ಇದ್ದೆವು. ಅಕ್ಕ ಕೂಗಿದ ಮೇಲೆ ಆಯಿಯ ಕೈ ಹಿಡಿದು ಇಳಿದದ್ದು, ಬಾಗಿಲು ಮುಚ್ಚಿದ್ದು ಒಟ್ಟಿಗೆ.

ಆ ವೆರ್ನಾತ್ಸಾ ನನಗೆ ಬಹಳ ಹಿಡಿಸಿತು. ಬಂದರಿನ ಪಕ್ಕದ ಕಟ್ಟೆಯ ಮೇಲೆ ಆಯಿ ಕೂತಳು, ಎದ್ದೇಳಲಿಲ್ಲ. ಮೀನಿನ ಬಲೆ, ದೋಣಿ, ಉಪ್ಪುಗಾಳಿ, ಅವಳಿಗೆ ಹೊಸತೇನೂ ಇಲ್ಲ. ತದಡಿ ತಾರಿ ದಾಟಿ ಬೆಳೆದವಳು. 2011ರ ಅಕ್ಟೋಬರ್ 25ರಂದು ಸುರಿದ ಮಳೆಗೆ ಗುಡ್ಡ ಕುಸಿದು ಈ ಬೀದಿಯಲ್ಲೇ ಕೆಸರು ಮೊದಲ ಮಹಡಿಯ ಎತ್ತರ ತುಂಬಿತ್ತು, ವೆರ್ನಾತ್ಸಾ, ಮೊಂತೆರೊಸ್ಸೊ ಎರಡರಲ್ಲೂ ಜನ ಸತ್ತರು ಎಂದು ಹೇಳಿದೆ. ಆಯಿ ಮೇಲೆ ಗುಡ್ಡದ ಕಡೆ ನೋಡಿದಳು. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ, ಒಂದೊಂದು ಹಂತಕ್ಕೂ ಸಿಮೆಂಟಿಲ್ಲದೆ ಬರೀ ಕಲ್ಲು ಜೋಡಿಸಿದ ಪಾಗಾರ. ಕೆಲವು ಕಡೆ ಪಾಗಾರ ಬಿದ್ದು, ಪೊದೆ ಬೆಳೆದಿತ್ತು. "ತೋಟ ಮಾಡುವವರು ಬಿಟ್ಟು ಹೋದ್ರೆ ಹಂಗೇ" ಎಂದಳು. ಅಲ್ಲಿನವರು ಹೇಳುವುದೂ ಅದನ್ನೇ. ಕಲ್ಲುಕಟ್ಟು ನೋಡಿಕೊಳ್ಳುವ ಕೈ ಕಡಿಮೆಯಾದಂತೆ ಗುಡ್ಡ ಸಡಿಲವಾಗುತ್ತಿದೆ. ನಮ್ಮ ಕಡೆಯ ಗುಡ್ಡ ಕುಸಿತದ ಸುದ್ದಿ ಆ ವರ್ಷದ ಜುಲೈನಲ್ಲಷ್ಟೇ ಕೇಳಿದ್ದೆವು, ಅಂಕೋಲಾದ ಶಿರೂರಿನದು. ಇಬ್ಬರೂ ಅದರ ಮಾತು ಎತ್ತಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ರೈಲು ಮುಷ್ಕರ. ಇಟಲಿಯಲ್ಲಿ ಇದು ಮಳೆಯಷ್ಟೇ ಸಾಮಾನ್ಯ, ಆದರೆ ಮಳೆಗಿಂತ ಒಳ್ಳೆಯದು, ಮೊದಲೇ ತಾರೀಕು ಹೇಳುತ್ತಾರೆ. ಅಕ್ಕ ವಾರದ ಹಿಂದೆಯೇ ನೋಡಿಟ್ಟಿದ್ದಳು. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಲೋಕಲ್ ರೈಲುಗಳನ್ನು ಓಡಿಸಲೇಬೇಕು ಅಂತ ನಿಯಮ ಇದೆ. ಆರು ಗಂಟೆಗೆ ಎದ್ದು ಓಡುವುದು ಬೇಡ ಎಂದು ಆ ದಿನವನ್ನು ಲೆವಾಂತೊಗೇ ಬರೆದಿಟ್ಟೆ. ಹಾಳೆಯಲ್ಲಿ ಅದು "ಖಾಲಿ ದಿನ". ಐದು ದಿನದಲ್ಲಿ ಆಯಿಗೆ ಬಹಳ ಇಷ್ಟವಾದದ್ದು ಅದೇ.

ಹಳೆಯ ಒಂಟಿ ಹಳಿ ಸಮುದ್ರದ ಅಂಚಿನಲ್ಲೇ ಹೋಗುತ್ತಿತ್ತಂತೆ. ಆಮೇಲೆ ಹಳಿಯನ್ನು ಒಳಗೆ ಸರಿಸಿ, ಹಳೆಯ ಸುರಂಗಗಳನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಟ್ಟಿದ್ದಾರೆ. ಲೆವಾಂತೊದಿಂದ ಬೊನಸ್ಸೋಲಾ ದಾಟಿ ಫ್ರಾಮುರಾವರೆಗೆ ಆರು ಕಿಲೋಮೀಟರಿನಷ್ಟು. ರೈಲು ಓಡುತ್ತಿದ್ದ ದಾರಿ ಅಂದಮೇಲೆ ಏರಿಲ್ಲ, ಮೆಟ್ಟಿಲಿಲ್ಲ. ಒಳಗೆ ತಂಪು, ದೀಪ. ನಡುವೆ ಸುರಂಗ ಒಡೆದಲ್ಲಿ ಒಮ್ಮೆಲೇ ನೀಲಿ ನೀರು. ಆಯಿ ಬೊನಸ್ಸೋಲಾವರೆಗೆ ನಡೆದಳು, ಬೆಂಚಿನ ಮೇಲೆ ಕೂತು ಅವಲಕ್ಕಿ ತಿಂದಳು, ವಾಪಸೂ ನಡೆದಳು. ನಾನು ಹುಡುಕಿ ಹುಡುಕಿ ಸುಸ್ತಾಗಿದ್ದ ಉತ್ತರ ಇಲ್ಲಿತ್ತು: ಸೊನ್ನೆ ಮೆಟ್ಟಿಲು.

ಅದೇ ಸಂಜೆ ಪೇಟೆಯಲ್ಲಿ ಫರಿನಾತಾ ಸಿಕ್ಕಿತು. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹೊಯ್ದು ಒಲೆಯಲ್ಲಿ ಬೇಯಿಸಿ ತುಂಡು ಮಾಡಿ ಕೊಡುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಆಯಿ ಮೂಸಿ ನೋಡಿ, ಚೂರು ಬಾಯಿಗೆ ಹಾಕಿ, "ಕಡ್ಲೆಹಿಟ್ಟಿನ ತೆಳ್ಳೇವು, ಹಸಿಮೆಣಸು ಹಾಕಕ್ಕಾಗಿತ್ತು" ಎಂದಳು. ಉಳಿದ ದಿನ ರಾತ್ರಿ ಊಟದ ಚಿಂತೆ ತಪ್ಪಿತು. ಚಟ್ನಿಪುಡಿ ಪರ್ಸಿನಲ್ಲಿ ಇರುತ್ತಿತ್ತು.

ದೋಣಿಯ ಯೋಜನೆ ಮಾತ್ರ ಕೈಕೊಟ್ಟಿತು. ಹಾಳೆಯಲ್ಲಿ ಮೂರನೆಯ ದಿನ ಮೊಂತೆರೊಸ್ಸೊದಿಂದ ರಿಯೊಮಜ್ಜೋರೆಗೆ ದೋಣಿ ಅಂತ ಇತ್ತು. ಸಮುದ್ರದಿಂದ ಊರುಗಳನ್ನು ನೋಡಿದರೆ ಮೆಟ್ಟಿಲೇ ಬೇಡವಲ್ಲ ಎಂಬ ನನ್ನ ಜಾಣತನ. ಕೊರ್ನೀಲ್ಯಕ್ಕೆ ಬಂದರೇ ಇಲ್ಲದ್ದರಿಂದ ಅಲ್ಲಿ ದೋಣಿ ನಿಲ್ಲುವುದಿಲ್ಲ, ಅದು ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ದೋಣಿ ದಕ್ಕೆಗೆ ಮೂತಿ ತಾಗಿಸಿ ನಿಲ್ಲುತ್ತದೆ, ಇಳಿಯುವುದು ಒಂದು ಕಿರಿದಾದ ಹಲಗೆಯ ಮೇಲೆ. ಅಲೆ ಬಂದರೆ ಹಲಗೆ ಏಳುತ್ತದೆ, ಬೀಳುತ್ತದೆ. ಹಾಗಂತ ಅದನ್ನು ಪರೀಕ್ಷಿಸುವ ಸಂದರ್ಭವೂ ಬರಲಿಲ್ಲ. ಬೆಳಿಗ್ಗೆ ಗಾಳಿ ಎದ್ದು ದೋಣಿ ರದ್ದು ಎಂದು ಬೋರ್ಡು ಹಾಕಿದ್ದರು. ಆಯಿ ಬೋರ್ಡಿಗಿಂತ ಮೊದಲೇ ನೀರು ನೋಡಿ "ಇಂದು ತಾರಿ ಇಲ್ಲೆ" ಎಂದಿದ್ದಳು.

ಆ ದಿನ ಮಧ್ಯಾಹ್ನ ನಮ್ಮ ಇನ್ನೊಂದು ಬುಕಿಂಗ್ ಇತ್ತು, ರಿಯೊಮಜ್ಜೋರೆಯಿಂದ ಮನರೋಲಾಕ್ಕೆ ಹೋಗುವ ಪ್ರೇಮಿಗಳ ದಾರಿ. ಅಲ್ಲಿಯ ಹೆಸರು ವಿಯಾ ದೆಲ್ಲಾಮೋರೆ. ಬಂಡೆಯ ಹೊಟ್ಟೆಯನ್ನು ಕೊರೆದು ಮಾಡಿದ ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ದಾರಿ. 2012ರಲ್ಲಿ ಬಂಡೆ ಉರುಳಿ ಪ್ರವಾಸಿಗರಿಗೆ ಪೆಟ್ಟಾಗಿ ಮುಚ್ಚಿದ್ದರು. ತೆರೆದದ್ದು ಸರಿಯಾಗಿ ನಾವು ಹೋದ 2024ರಲ್ಲಿ, ಆಗಸ್ಟ್‌ನಲ್ಲಿ. ನಾನು ಯೋಜನೆ ಶುರು ಮಾಡಿದಾಗ ಅದು ಇನ್ನೂ ಮುಚ್ಚಿತ್ತು. ತೆರೆದ ಸುದ್ದಿ ಓದಿದ ರಾತ್ರಿಯೇ ಅಕ್ಕನನ್ನು ಎಬ್ಬಿಸಿ ಹೇಳಿದೆ. ಆಗ ಕಾರ್ಡಿನ ಮೇಲೆ ಇನ್ನೂ 10 ಯೂರೋ ಕೊಟ್ಟು ಸಮಯ ಕಾದಿರಿಸಬೇಕಿತ್ತು, ಒಂದು ಹೊತ್ತಿಗೆ ಇಷ್ಟೇ ಜನ. ದುಬಾರಿ ಅನಿಸಬಹುದು. ಆದರೆ ಉಳಿದ ಕಾಲುದಾರಿಗಳನ್ನು ಲೆಕ್ಕ ಹಾಕಿ: ಮೊಂತೆರೊಸ್ಸೊದಿಂದ ವೆರ್ನಾತ್ಸಾಕ್ಕೆ ಎರಡು ಗಂಟೆ, ನೂರಾರು ಮೆಟ್ಟಿಲು. ಇದೊಂದೇ ಹೆಚ್ಚುಕಡಿಮೆ ಸಮತಟ್ಟು. ಆಯಿ ಒಬ್ಬಳೇ ಮುಂದೆ ನಡೆದಳು. ನಾನೂ ಅಕ್ಕನೂ ಹಿಂದೆ. ದಾರಿಯುದ್ದಕ್ಕೂ ಜೋಡಿಗಳು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಂದು ಜೋಡಿ ತಮ್ಮ ಫೋನನ್ನು ಆಯಿಯ ಕೈಗೆ ಕೊಟ್ಟು ತೆಗೆಯಿರಿ ಎಂದು ಸನ್ನೆ ಮಾಡಿತು. ಆಯಿ ತಾನೂ ಸನ್ನೆ ಮಾಡಿ ಅವರನ್ನು ಬಿಸಿಲಿನ ಕಡೆ ತಿರುಗಿಸಿ ನಿಲ್ಲಿಸಿ, ನಾಲ್ಕು ಫೋಟೊ ತೆಗೆದುಕೊಟ್ಟಳು.

ಕೊರ್ನೀಲ್ಯವನ್ನು ಕೊನೆಯ ದಿನಕ್ಕೆ ಉಳಿಸಿದ್ದೆ. ಆಯಿಗೆ ಕಾಲು ಬರದಿದ್ದರೆ ಬಿಟ್ಟುಬಿಡಬಹುದು ಅಂತ. ಐದರಲ್ಲಿ ನಾಲ್ಕು ನೋಡಿದರೆ ಆಗದೇ? ಬೆಳಿಗ್ಗೆ ಕೇಳಿದೆ. "ಅಡ್ಡಿಲ್ಲೆ, ಹೋಪನ" ಎಂದಳು. ಸ್ಟೇಷನ್ನಿನ ಹೊರಗೆ ಮಿನಿ ಬಸ್ಸು ನಿಂತಿತ್ತು, ಕಾರ್ಡಿನಲ್ಲೇ ಸೇರಿದ್ದು. ಜಾಗ ಇದ್ದದ್ದು ಒಬ್ಬರಿಗೆ. ಆಯಿಯನ್ನು ಹತ್ತಿಸಿ, ನಾನೂ ಅಕ್ಕನೂ ಮೆಟ್ಟಿಲು ಹಿಡಿದೆವು. ನಾಲ್ಕು ತಿಂಗಳಿಂದ ಎಣಿಸಬೇಕು ಅಂದುಕೊಂಡಿದ್ದೆನಲ್ಲ, ಎಣಿಸುತ್ತಲೇ ಹತ್ತಿದೆ. ನೂರಕ್ಕೆ ಒಂದು ಸಲ ನಿಂತೆ. ಇನ್ನೂರೈವತ್ತರ ಹತ್ತಿರ ಅಕ್ಕ ಏನೋ ಕೇಳಿದಳು, ಉತ್ತರ ಕೊಡಲಿಲ್ಲ, ಲೆಕ್ಕ ತಪ್ಪುತ್ತದೆ ಅಂತ. ಕೆಳಗೆ ಹಳಿ, ಅದರಾಚೆ ನೀರು, ಬೆನ್ನಿಗೆ ಬಿಸಿಲು.

ಮೇಲೆ ಹೋಗುವಷ್ಟರಲ್ಲಿ ಆಯಿ ಊರೊಳಗಿನ ಪುಟ್ಟ ಚೌಕದಲ್ಲಿ ನೆರಳು ಹಿಡಿದು ಕೂತಿದ್ದಳು. ಕಾಲಿನಿಂದ ಶೂ ಬಿಚ್ಚಿ ಪಕ್ಕಕ್ಕೆ ಇಟ್ಟುಕೊಂಡಿದ್ದಳು. ನಮ್ಮನ್ನು ನೋಡಿ ಕೇಳಿದಳು, "ಎಷ್ಟಾತು?"

"377" ಎಂದಳು ಅಕ್ಕ.

"382" ಎಂದೆ ನಾನು.

ಆಯಿ ಇಬ್ಬರ ಮುಖವನ್ನೂ ನೋಡಿದಳು. "ಇಬ್ರೂ ಸರಿ ಎಣಿಸಿದ್ವಿಲ್ಲೆ" ಎಂದು ನೀರಿನ ಬಾಟಲಿ ನಮ್ಮ ಕಡೆ ಚಾಚಿದಳು.